ಬಿಳಿ ಟವೆಲ್ಲಿನ ಪರೀಕ್ಷೆ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಮೂವತ್ತು ವರ್ಷ ಮೇಷ್ಟರಾಗಿ ದಿನಕ್ಕೆ ನಾಲ್ಕು ಸಲ "ಹೊಟ್ಟೆನೋವು ಸಾರ್" ಕೇಳಿದವನಿಗೆ ಬರುವುದಾದರೂ ಹೇಗೆ? ಹಿಂದೂಪುರದಿಂದ ಲೇಪಾಕ್ಷಿ ಕಡೆಯ ನನ್ನ ಕನ್ನಡ ಶಾಲೆಗೆ ಹೋಗಿಬರಲು ಡೀಸೆಲ್ ಕಾರು ಕೊಂಡಾಗಲೂ, ಷೋರೂಮಿನವನ ಮಾತಿನಲ್ಲಿ ಅರ್ಧವನ್ನು ಅಲ್ಲೇ ಬಿಟ್ಟು ಬಂದೆ. ಬೇಕಾದ ಮಾತು ಆ ಅರ್ಧದಲ್ಲೇ ಇತ್ತು.

ಹೊಗೆ ಹೋಗುವ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಒಂದಿದೆ, ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಜೋರಾಗಿ ಓಡಿಸಿದರೆ ಹಿಡಿದ ಮಸಿ ಒಳಗೇ ಸುಟ್ಟುಹೋಗುತ್ತದೆ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ ಎಂದು ಅವನು ಹೇಳಿದ್ದ. ಕೆಲಸವಿಲ್ಲದೆ ಹೈವೇಗೆ ಹೋಗಿ ಡೀಸೆಲ್ ಸುಡು ಎನ್ನುವುದು ಯಾವ ಸೀಮೆ ನ್ಯಾಯ? ಇದರಲ್ಲಿ ಏನೋ ಮಸಲತ್ತಿದೆ ಎಂದುಕೊಂಡು ನಾನು ಶಾಲೆ, ಮನೆ, ಮಾರ್ಕೆಟ್ಟು ಅಂತ ನಿಧಾನಕ್ಕೇ ಓಡಿಸಿದೆ. ಎರಡನೇ ವರ್ಷಕ್ಕೆ ಕಾರು ಏದುಸಿರು ಬಿಡತೊಡಗಿತು, ಸ್ಟೇರಿಂಗಿನ ಮುಂದೆ ಎಚ್ಚರಿಕೆಯ ಹಳದಿ ದೀಪ ಹತ್ತಿಕೊಂಡು ಆರಲೇ ಇಲ್ಲ.

ಪರಿಗಿ ರಸ್ತೆಯ ನಮ್ಮ ಮೆಕ್ಯಾನಿಕ್ ಕಾರಿನಡಿಗೆ ತೂರಿ ನೋಡಿ ಎದ್ದು ಬಂದ. "ಏಂ ಕಾದು ಸಾರ್, ಏನೂ ಆಗಲ್ಲ. ಫಿಲ್ಟರ್ ಡಬ್ಬಿ ಕೊಯ್ದು ಒಳಗಿರೋದು ತೆಗೆದುಬುಡ್ತೀನಿ. ಮ್ಯಾಲಿಂದ ನೋಡಿದ್ರೆ ಅಂಗೇ ಇರ್ತದೆ."

"ದೀಪ?"

"ಲ್ಯಾಪ್‌ಟಾಪ್ ಹಾಕಿ ಅದರ ಬಾಯಿ ಮುಚ್ಚಿಸ್ತೀನಿ."

ಸಂಜೆಯ ಹೊತ್ತಿಗೆ ಖಾಲಿ ಡಬ್ಬಿಗೆ ಬೆಸುಗೆ ಬಿದ್ದಿತ್ತು, ದೀಪ ಆರಿತ್ತು, ಕಾರು ಹುರುಪಿನಿಂದ ಓಡಿತು. ಹೊಗೆ ತಪಾಸಣೆಯ ಭಯವೂ ಇರಲಿಲ್ಲ. ತಪಾಸಣೆ ಗಾಡಿಯವನು ನಂಬರ್ ಪ್ಲೇಟಿನ ಫೋಟೋ ಹೊಡೆದು ಕಾಗದ ಕೊಡುತ್ತಿದ್ದ. ಕೊಳವೆಗೆ ಅವನು ಏನನ್ನಾದರೂ ತೂರಿಸಿದ್ದನ್ನು ನಾನು ನೋಡಿಲ್ಲ.

ಅಕ್ಕನನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ. ಭಾವ ಕಡಲೆಕಾಯಿ ವ್ಯಾಪಾರಸ್ಥರು. ಮೂಟೆಯ ಬಾಯಲ್ಲಿ ಕಾಣುವ ಕಾಯಿಯನ್ನು ಅವರು ಮುಟ್ಟುವುದೂ ಇಲ್ಲ. ಕಬ್ಬಿಣದ ಟೊಳ್ಳು ಕೊಳವೆಯನ್ನು ಮೂಟೆಯ ಹೊಟ್ಟೆಗೆ ಚುಚ್ಚಿ, ಒಳಗಿನಿಂದ ಬಂದ ಕಾಯಿಯನ್ನೇ ಒಡೆದು ನೋಡುತ್ತಾರೆ. ಅವರದೂ ಡೀಸೆಲ್ ಕಾರು. ಹೀಗಾಗಿ ಯುಗಾದಿ, ಗೌರಿ ಹಬ್ಬಕ್ಕೆ ಅಕ್ಕನನ್ನು ಕರೆತರಲು ಹೋದಾಗಲೆಲ್ಲ ನಮ್ಮಿಬ್ಬರಿಗೂ ಬೈಯಲು ಒಂದೇ ವಿಷಯ.

ಹೋದ ವರ್ಷದ ಯುಗಾದಿಗೆ ಹೋದಾಗಲೂ ಅದೇ ಆಯಿತು. "ಟೆಸ್ಟು ನಡೀತೈತೆ ಅಂತ ಗೊತ್ತಾದ್ರೆ ಕಾರು ಕಮ್ಮಿ ಹೊಗೆ ಬಿಡೋ ಅಂಗೆ ಮಾಡಿದ್ರಂತಲ್ಲಪ್ಪ ಕಂಪೆನಿಯೋರು," ಎಂದರು ಭಾವ. "ಅವ್ರು ಮೋಸ ಮಾಡೋದು, ಹೊಸಾ ರೂಲ್ಸು ನಮ್ ತಲೆ ಮ್ಯಾಲೆ."

ಅಕ್ಕ ಒಬ್ಬಟ್ಟಿನ ಕಣಕ ನಾದುತ್ತಿದ್ದವಳು ತಲೆಯೆತ್ತಿದಳು. "ಟೆಸ್ಟು ಅಂತ ಕಾರಿಗೆ ಹೆಂಗಪ್ಪ ಗೊತ್ತಾಯ್ತದೆ?"

ನಾನು ಮೇಷ್ಟರಲ್ಲವೇ, ಪಾಠ ಶುರು ಮಾಡಿದೆ. ಚಕ್ರ ತಿರುಗುತ್ತಿದ್ದರೂ ಸ್ಟೇರಿಂಗ್ ಅಲ್ಲಾಡದಿದ್ದರೆ ಇದು ರಸ್ತೆಯಲ್ಲ, ಪರೀಕ್ಷೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಯುವ ಹಾಗೆ ಬರೆದಿಟ್ಟಿರುತ್ತಾರೆ ಎಂದೆ. ಇನ್‌ಸ್ಪೆಕ್ಟರ್ ಬಂದ ದಿನ ನಮ್ಮ ಶಾಲೆಯ ಹುಡುಗರು ಕೈಕಟ್ಟಿ ಕೂರುತ್ತಾರಲ್ಲ, ಹಾಗೆ. ಅಕ್ಕ ಹೌದಾ ಎಂದು ಬೆರಗಾದಳು. ನನ್ನ ಕಾರಿನ ಖಾಲಿ ಡಬ್ಬಿ ನೆನಪಿಗೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಅದು ಬೇರೆ ವಿಷಯ ಎಂದು ಪಕ್ಕಕ್ಕೆ ಸರಿಸಿದೆ.

ನಮ್ಮ ಮನೆಯವರು ಯಾರಾದರೂ ಹೋಗಿ ಕರೆಯದೆ ಅಕ್ಕ ತವರಿಗೆ ಬಂದವಳಲ್ಲ. ಮದುವೆಯಾದಂದಿನಿಂದ ಅದೇ ಪದ್ಧತಿ. ಮೊದಲು ನಮ್ಮಪ್ಪ ಬಸ್ಸಿನಲ್ಲಿ ಹೋಗಿ ಕರೆತರುತ್ತಿದ್ದರು, ಅವರು ತೀರಿಕೊಂಡ ಮೇಲೆ ನಾನು. ಕಾರು ಬಂದಮೇಲೆ ಅದು ನನ್ನ ಹೆಮ್ಮೆಯೂ ಆಗಿತ್ತು.

ಹೋದ ವರ್ಷದ ಗೌರಿ ಹಬ್ಬಕ್ಕೆ ಕರೆತರುವಾಗ ಅಕ್ಕ ದಾರಿಯುದ್ದಕ್ಕೂ ಕೆಮ್ಮಿದಳು. ಮೊದಲೇ ಉಬ್ಬಸದ ಹೆಣ್ಣು. "ನಿನ್ ಕಾರ್ನಾಗೆ ಕೂತ್ರೆ ಎದೆ ಹಿಡ್ಕಂತದೆ ಕಣಪ್ಪ, ಏನೋ ಸುಟ್ಟ ವಾಸ್ನೆ," ಎಂದಳು. ನನಗೆ ಅನುಮಾನ ಬಂತು, ಕಾರಿನ ಮೇಲಲ್ಲ, ಅಕ್ಕನ ಮೇಲೆ. ಭಾವನ ದೊಡ್ಡ ಕಾರಿನ ಮುಂದೆ ನನ್ನದು ಸಣ್ಣದಾಗಿ ಕಾಣುತ್ತಿರಬೇಕು ಎಂದುಕೊಂಡೆ. ಮನೆ ಮುಟ್ಟಿದ ಕೂಡಲೇ ತಪಾಸಣೆಯ ಕಾಗದ ತಂದು ಅವಳ ಮುಂದೆ ಹಿಡಿದೆ.

"ನೋಡು, ಸರ್ಕಾರದ ಕಾಗದ. ಹೊಗೆ ಸರಿಯಾಗಿದೆ ಅಂತ ಬರೆದಿದ್ದಾರೆ."

ಅಕ್ಕ ಕಾಗದ ನೋಡಲಿಲ್ಲ. "ಕಾರು ಚಾಲೂ ಮಾಡು," ಎಂದಳು. ಬ್ಯಾಗಿನಿಂದ ಭಾವನ ಬಿಳಿ ಟವೆಲ್ ತೆಗೆದು, ನಲ್ಲಿಯಲ್ಲಿ ನೆನೆಸಿ ಹಿಂಡಿ, ಕಾರಿನ ಹೊಗೆ ಕೊಳವೆಯ ಬಾಯಿಗೆ ಅಡ್ಡ ಹಿಡಿದಳು. ಗಂಡ ಮೂಟೆಗೆ ಕೊಳವೆ ಚುಚ್ಚುವುದನ್ನು ನಲವತ್ತು ವರ್ಷ ನೋಡಿದವಳು. ಐದು ನಿಮಿಷಕ್ಕೆ ಟವೆಲ್ಲಿನ ನಡುವೆ ರೊಟ್ಟಿಯಗಲದ ಕಪ್ಪು ಮೂಡಿತು.

"ಯಾಕ್ಲಾ ಇಂಗೆ?" ಎಂದು ಕೇಳಿದಳು. ಆಗ ಹೇಳಿಬಿಟ್ಟೆ, ಕೊಯ್ದ ಡಬ್ಬಿ, ಬಾಯಿ ಮುಚ್ಚಿದ ದೀಪ, ಎಲ್ಲ. ಅಕ್ಕ ಟವೆಲ್ ಮಡಚಿ ಬ್ಯಾಗಿಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಹಬ್ಬ ಮುಗಿದದ್ದೇ ಷೋರೂಮಿಗೆ ಹೋಗಿ ಹೊಸ ಫಿಲ್ಟರ್ ಹಾಕಿಸಿದೆ. ದಿನವಿಡೀ ಅಲ್ಲೇ ನಿಂತು, ಹಾಕಿದ್ದು ಹೊಸದೇ ಎಂದು ಕಣ್ಣಾರೆ ನೋಡಿದೆ. ಮೆಕ್ಯಾನಿಕ್‌ನ ಬೆಸುಗೆಯಲ್ಲಿ ಬಿರುಕಿತ್ತು, ಹೊಗೆ ಹಿಂದಿನ ಸೀಟಿನ ಅಡಿಯಿಂದ ಒಳಗೆ ಬರುತ್ತಿತ್ತು ಎಂದು ಷೋರೂಮಿನವರೇ ತೋರಿಸಿದರು. ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವಳು ಅಕ್ಕ. ಅಂದಿನಿಂದ ಭಾನುವಾರಕ್ಕೊಮ್ಮೆ ಹೈವೇಗೆ ಹೋಗಿ ಜೋರಾಗಿ ಓಡಿಸಿ ಬರುತ್ತಿದ್ದೇನೆ.

ಈ ಯುಗಾದಿಗೆ ಕರೆಯಲು ಹೋದಾಗ ಹೊಸ ಬಿಳಿ ಟವೆಲ್ ಒಯ್ದಿದ್ದೆ. ಅಕ್ಕನ ಮನೆಯ ಮುಂದೆ ಕಾರು ನಿಲ್ಲಿಸಿ, ಟವೆಲ್ ನಾನೇ ನೆನೆಸಿ, ಕೊಳವೆಗೆ ಹಿಡಿದೆ. ಐದು ನಿಮಿಷ, ಹತ್ತು ನಿಮಿಷ. ಟವೆಲ್ ಬೆಳ್ಳಗೇ ಇತ್ತು. ಭಾವ ಮುಟ್ಟಿ ನೋಡಿ ಸರಿ ಎಂದು ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಂದೆ ಅದನ್ನು ಬಿಚ್ಚಿ ಹಿಡಿದೆ.

ಅವಳು ಟವೆಲ್ಲನ್ನೂ ಕಾರನ್ನೂ ನೋಡಿ, ಕೊನೆಗೆ ನನ್ನನ್ನು ನೋಡಿದಳು.

"ಟೆಸ್ಟು ಅಂತ ಕಾರಿಗೆ ಗೊತ್ತಾಗಿರ್ತದೆ ಕಣಪ್ಪ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಬಂದು ಕರೆದ್ಯಲ್ಲ, ಅಷ್ಟು ಸಾಕು. ನಾನು ಬಸ್ನಾಗೆ ಬತ್ತೀನಿ."

ಭಾವನೇ ಅವಳ ಬ್ಯಾಗು ಹಿಡಿದು ಬಸ್ ಹತ್ತಿಸಿದರು. ಹಿಂದೂಪುರದವರೆಗೂ ನಾನು ಕಿಟಕಿ ಏರಿಸಿಕೊಂಡು ಆ ಬಸ್ಸಿನ ಹೊಗೆಯ ಹಿಂದೆಯೇ ಬಂದೆ, ಖಾಲಿ ಹಿಂದಿನ ಸೀಟು ಹೊತ್ತುಕೊಂಡು.