ಗೋವಿನ ಪಾಲಿನ ಜೋಳ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ದೇವದುರ್ಗದ ನನ್ನ ತವರಿನಿಂದ ರಾಯಚೂರಿಗೆ ಬರಬೇಕಿದ್ದ ಜೋಳದ ಬಂಡಿಯನ್ನು, ಕಾಳು ಸಾಗಿಸಲು ಪರವಾನಗಿ ಇಲ್ಲವೆಂದು ದಾರಿಯ ತಪಾಸಣೆ ನಾಕಾದಲ್ಲಿ ತಡೆದಿದ್ದರು. ಮನೆಯ ಗಡಿಗೆಯಲ್ಲಿ ಉಳಿದದ್ದು ಹಿಂದಿನ ಬಂಡಿಯ ಎರಡು ಬೊಗಸೆ ಬಿಳಿಜೋಳ. ಅದಾದರೂ ಇತ್ತಲ್ಲ, ಶಿವ ದೊಡ್ಡವನು.

ರೇಷನ್ ಅಂಗಡಿಯಲ್ಲಿ ವಾರದ ಪಾಲೆಂದು ಹಡಗಿನಲ್ಲಿ ಬಂದ ಹಳದಿ ಕಾಳು ಕೊಟ್ಟರು. ಅಂಗಡಿಯವನು ಧಾರವಾಡದ ಕಡೆಯವನು. ಇದೇನೆಂದು ಕೇಳಿದೆ. "ಗೋವಿನಜೋಳ್ರೀ ಯಕ್ಕಾ, ಅಮೇರಿಕಾದ್ದು" ಅಂದ. ಮೆಕ್ಕೆಜೋಳಕ್ಕೆ ಆ ಹೆಸರಿರುವುದನ್ನು ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಮನೆಗೆ ಬಂದು ಅತ್ತೆಗೆ ಹಾಗೆಯೇ ಹೇಳಿದೆ. ಅದೇ ನನ್ನ ತಪ್ಪು.

"ಗೋವಿನ ಪಾಲು ನಾವು ತಿಂದರ ನರಕಕ್ಕ ಹೋಗ್ತೀವಿ ಬೇ!"

"ಅದು ಬರೇ ಹೆಸರ್ರೀ ಅತ್ತೀ."

"ಹೆಸರು ಸುಮ್ನ ಇಡ್ತಾರೇನು? ನಿನ್ನ ಸೊಸಿ ಅಂತ ಸುಮ್ನ ಕರೀತೀನೇನು?"

ಅತ್ತೆಗೆ ಅಂದು ಸೋಮವಾರದ ಉಪವಾಸ, ಬಿಡುವುದು ಸಂಜೆಯ ಊಟಕ್ಕೆ. ಬೆಳಗಿನಿಂದ ನೀರು ಬಿಟ್ಟರೆ ಏನೂ ಇಲ್ಲ. ಎದ್ದು ನಿಂತರೆ ಕಂಬ ಹಿಡಿಯುತ್ತಿದ್ದರು. ಇದ್ದ ಬಿಳಿಜೋಳದಲ್ಲಿ ಅವರಿಗಷ್ಟೇ ರೊಟ್ಟಿ ಮಾಡುತ್ತೇನೆಂದರೆ, ಮನೆಮಂದಿಯನ್ನು ಬಿಟ್ಟು ತಾವೊಬ್ಬರೇ ತಿನ್ನುವುದಿಲ್ಲವೆಂದರು. ಕಡೆಗೆ ತಾವೇ ತೀರ್ಪು ಕೊಟ್ಟರು: "ಮೊದಲು ಆಕಳಿಗಿ ಇಡು. ಸಾಕಂತ ಆಕಿ ಮಾರಿ ತಿರುವಿದ ಮ್ಯಾಲ ಉಳದದ್ದು ಪ್ರಸಾದ."

ಹಿತ್ತಲಲ್ಲಿ ನಮ್ಮ ಆಕಳ ಮುಂದೆ ಬುಟ್ಟಿ ಇಟ್ಟೆ. ತಿಂದಿತು. ತಿಂದೇ ತಿಂದಿತು. ಹುಟ್ಟಿದಾಗಿನಿಂದ ಆ ಹಡಗಿನ ದಾರಿಯನ್ನೇ ಕಾಯುತ್ತಿತ್ತೋ ಏನೋ! ವಾರದ ಕಾಳು ಅರ್ಧಕ್ಕಿಳಿಯಿತು. "ಸಾಕು ಅನ್ನು ನನ್ನವ್ವಾ" ಎಂದು ಕೈಮುಗಿದೆ.

"ಆಕೀಗೆ ಒತ್ತಾಯ ಮಾಡಬ್ಯಾಡ!" ಅತ್ತೆ ಕಟ್ಟೆಯ ಮೇಲಿಂದ ಗದರಿದರು.

ಆಗ ಕರು "ಅಂಬಾ" ಅಂದಿತು. ಆಕಳು ಮುಖ ತಿರುಗಿಸಿ ಅತ್ತ ನೋಡಿತು.

"ಮಾರಿ ತಿರುವ್ಯಾಳ್ರೀ ಅತ್ತೀ!" ಎಂದು ಕೂಗಿ ಬುಟ್ಟಿ ಎತ್ತಿಕೊಂಡು ಓಡಿದೆ. ಹಗ್ಗ ಬಿಗಿಯುವವರೆಗೂ ಆಕಳು ಹಿಂದೆಯೇ ಬಂತು. ಅತ್ತೆಗೆ ಕಣ್ಣು ಮಂಜು. ಅದೂ ದೇವರ ದಯೆಯೇ.

ಉಳಿದ ಕಾಳನ್ನು ಬೀಸಿದರೆ, ಆ ಹಿಟ್ಟಿಗೆ ಜಿಗುಟೇ ಇಲ್ಲ. ಬಡಿದರೆ ರೊಟ್ಟಿ ಅಂಚಿನಿಂದ ನಡುವಿನವರೆಗೆ ಸೀಳುತ್ತಿತ್ತು. ಗಡಿಗೆಯ ಬಿಳಿಜೋಳವನ್ನೂ ಬೀಸಿ ಬೆರೆಸಿ, ಬಿಸಿನೀರು ಹಾಕಿ ನಾದಿದೆ. ಅಮೇರಿಕಾವನ್ನು ದೇವದುರ್ಗ ಗಟ್ಟಿಯಾಗಿ ಹಿಡಿದುಕೊಂಡಿತು. ರೊಟ್ಟಿ ಇಡಿಯಾಗಿ ಹಂಚಿಗೆ ಬಿತ್ತು.

ಅತ್ತೆ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದರು.

"ನಾಳಿಗೂ ಆಕಳನ್ನ ಕೇಳಬೇಕೇನ್ರೀ?" ಎಂದು ಅಂಜುತ್ತಲೇ ಕೇಳಿದೆ.

"ಒಮ್ಮಿ ಕೊಟ್ಟಾಳಲ್ಲ. ಮ್ಯಾಲಿಂದ ಮ್ಯಾಲ ಕೇಳಿದ್ರ ಆಕೀಗೂ ಬ್ಯಾಸರಾಗೂದಿಲ್ಲೇನು? ಚಟ್ನಿ ಹಾಕು."