ಮೂರನೇ ಕ್ರಾಸಿನ ಎಡೆ

ಇವತ್ತು ಬೆಳಿಗ್ಗೆ ಗೇಟಿನ ಮುಂದೆ ಗುಡಿಸಿ ನೀರು ಹಾಕುತ್ತಿದ್ದಾಗ ಹಿಂದಿನ ರಸ್ತೆಯ ಯಾವುದೋ ಮನೆಯಿಂದ ಸಾಂಬ್ರಾಣಿಯ ವಾಸನೆ ಬಂತು. ಅದರ ಜೊತೆಗೇ ಎಣ್ಣೆಯಲ್ಲಿ ಬೇಯುತ್ತಿದ್ದ ವಡೆಯ ವಾಸನೆ. ಮಹಾಲಯ ಅಮಾವಾಸ್ಯೆ ಎಂಬುದು ಕ್ಯಾಲೆಂಡರ್ ನೋಡದೆಯೇ ತಿಳಿಯಿತು. ಪೊರಕೆ ಹಿಡಿದುಕೊಂಡೇ ಮೂಲೆಮನೆಯ ತಾತನನ್ನು ನೆನೆಯುತ್ತಾ ನಿಂತುಬಿಟ್ಟೆ...

ಮೈಸೂರು ರಸ್ತೆಯ ಉದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ನನ್ನ ಗಂಡನಿಗೆ ಅಂಥದ್ದೊಂದರಲ್ಲಿ ಕೆಲಸ ಸಿಕ್ಕಿ, ನಾವು ಚನ್ನಪಟ್ಟಣದ ವಠಾರ ಬಿಟ್ಟು ರಾಮನಗರದ ಆಚೆಗಿನ ಈ ಹೊಸ ಬಡಾವಣೆಗೆ ಬಂದೆವು. ಹೆಚ್ಚುಕಡಿಮೆ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಬಂದ ಹೊಸದರಲ್ಲಿ ನಮ್ಮ ಅತ್ತೆ ನಮ್ಮದೇ ಎಂದುಕೊಂಡು ಪಕ್ಕದ ಮನೆಯ ಅಡುಗೆಕೋಣೆಯವರೆಗೂ ನಡೆದು, ಅಲ್ಲಿ ಒಗ್ಗರಣೆ ಹಾಕುತ್ತಿದ್ದವಳನ್ನೇ ‘ನೀನ್ಯಾರವ್ವ?’ ಎಂದು ಗದರಿಸಿ ಬಂದಿದ್ದರು. ಪಾರ್ಕಿಗೆ ಜಾಗ, ಕ್ಲಬ್ ಹೌಸಿಗೆ ಜಾಗ, ಕಸದ ತೊಟ್ಟಿಗೂ ಜಾಗ ಗೊತ್ತುಮಾಡಿ ಕಟ್ಟಿದ್ದರು. ಆದರೆ ನಮಗಿಂತ ವಯಸ್ಸಾದ ಒಂದು ಮರವೂ ಅಲ್ಲಿರಲಿಲ್ಲ. ಹಗಲಿನಲ್ಲಿ ಅರ್ಧ ಮನೆಗಳಲ್ಲಿ ನೈಟ್ ಶಿಫ್ಟ್ ಮುಗಿಸಿದವರು ಮಲಗಿರುತ್ತಿದ್ದರು, ನಾವು ಹೆಂಗಸರು ಪಾತ್ರೆಯನ್ನೂ ಸದ್ದಾಗದಂತೆ ಇಡುತ್ತಿದ್ದೆವು. ವಠಾರದ ಗಲಾಟೆಯಲ್ಲಿ ಬೆಳೆದ ನನಗೆ ಆ ಅಚ್ಚುಕಟ್ಟು ಉಸಿರು ಕಟ್ಟಿಸುತ್ತಿತ್ತು.

ನಮ್ಮ ರಸ್ತೆಗೆ ಮೂರನೇ ಕ್ರಾಸ್ ಎಂದು ಹೆಸರು. ಅದರ ಮೂಲೆಯಲ್ಲಿ ಆ ತಾತ ಮಗ ಸೊಸೆಯ ಜೊತೆ ಇದ್ದರು. ಬಡಾವಣೆಗೆ ಹೋದ ಹೊಲಗಳಲ್ಲಿ ಅವರದೂ ಒಂದು. ಅದರ ಬದಲಿಗೆ ಬಂದ ಮೂಲೆ ಸೈಟಿನಲ್ಲಿ ಮಗ ಮನೆ ಕಟ್ಟಿಸಿದ್ದ. ಬೆಳಗಿನ ವಾಕಿಂಗ್‌ನವರು ಬೂಟು ಹಾಕಿಕೊಂಡು ಪಾರ್ಕು ಸುತ್ತುವಾಗ ತಾತ ಬರಿಗಾಲಲ್ಲಿ, ಟವೆಲು ಹೆಗಲಿಗೆ ಹಾಕಿಕೊಂಡು, ಡಾಂಬರಿನ ಮೇಲೂ ಬದುವಿನ ಮೇಲೆ ನಡೆಯುವ ಹಾಗೆ ಹೆಜ್ಜೆ ಇಡುತ್ತಿದ್ದರು.

ಮೊದಲ ವರ್ಷದ ಮಹಾಲಯದ ಮಧ್ಯಾಹ್ನ ಅವರು ಬಾಳೆ ಎಲೆಯ ಮೇಲೆ ಎಡೆ ಹಿಡಿದುಕೊಂಡು ರಸ್ತೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಕಣ್ಣು ಕಿರಿದು ಮಾಡಿ ಬೆಟ್ಟದ ಕಡೆ ನೋಡುವುದು, ಎರಡು ಹೆಜ್ಜೆ ಸರಿಯುವುದು, ಮತ್ತೆ ನೋಡುವುದು. ಕೊನೆಗೆ ನಮ್ಮ ಗೇಟಿನ ಮುಂದೆ ನಿಂತರು. ನಾನು ಹೊರಗೆ ಬಂದೆ.

‘ಬೇಜಾರು ಮಾಡ್ಕಬ್ಯಾಡವ್ವ. ಇಲ್ಲೊಸಿ ಎಡೆ ಮಡಿಕ್ಕತೀನಿ. ನಮ್ಮ ಮನೇವ್ಳು ಇಲ್ಲೇ ಅವ್ಳೆ’ ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗೇಟಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಅವರ ಹೆಂಡತಿ ತೀರಿಕೊಂಡಾಗ ಹೊಲದಲ್ಲೇ, ಗಾಡಿ ಜಾಡಿನ ಪಕ್ಕದ ಹುಣಸೆಮರದ ಬುಡದಲ್ಲಿ ಮಣ್ಣು ಮಾಡಿ ಕಲ್ಲು ನೆಟ್ಟಿದ್ದರು. ಬಡಾವಣೆಯವರು ಆ ಕಲ್ಲು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದರಂತೆ. ಜೆಸಿಬಿ ಓಡಿಸುವವನಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ತಾತ ಬಂದು ನೋಡುವ ಹೊತ್ತಿಗೆ ಕಲ್ಲೂ ಇಲ್ಲ, ಹುಣಸೆಮರವೂ ಇಲ್ಲ, ಎಲ್ಲ ಮಟ್ಟಸ. ಉಳಿದಿದ್ದು ಎರಡೇ ಗುರುತು. ಒಂದು, ಹಳೆಯ ಗಾಡಿ ಜಾಡಿನ ಮೇಲೆಯೇ ಬಂದಿದ್ದ ನಮ್ಮ ರಸ್ತೆ. ಇನ್ನೊಂದು, ದೂರದ ಬೆಟ್ಟ. ಹೆಂಡತಿಯ ಸಮಾಧಿಯ ಹತ್ತಿರ ನಿಂತರೆ ಮುಂದಿನ ಗುಡ್ಡದ ಅಂಚು ಹಿಂದಿನ ದೊಡ್ಡ ಬೆಟ್ಟದ ಕೊರಕಲಿಗೆ ಸರಿಯಾಗಿ ಕೂಡುತ್ತಿತ್ತಂತೆ. ಅದು ಎಲ್ಲಿ ಕೂಡಿ ಕಾಣುತ್ತದೋ ಅಲ್ಲೇ ಅವಳು.

ಅತ್ತೆ ಸೋಲೂರಿನ ಕಡೆಯವರು, ಮೂರು ಹೊತ್ತೂ ವಿಭೂತಿ ಹಚ್ಚುವವರು. ನಮ್ಮವರಲ್ಲೂ ಹೂಳುವುದೇ ಪದ್ಧತಿಯಾದ್ದರಿಂದ ಸಮಾಧಿಗೆ ಅವರು ಹೆದರಲಿಲ್ಲ, ಎಡೆಯಲ್ಲಿದ್ದ ಕೋಳಿ ತುಂಡಿಗೆ ಹೌಹಾರಿದರು. ‘ನಮ್ ಬಾಗ್ಲಾಗೆ ಅದೆಲ್ಲ ಬ್ಯಾಡ’ ಎಂದು ಖಡಾಖಂಡಿತವಾಗಿ ಹೇಳಿದರು. ತಾತ ಕೋಳಿಯನ್ನು ಬೇರೆ ಎಲೆಗೆ ತೆಗೆದರು. ‘ಒಂದ್ ಹೊತ್ತು ಸಪ್ಪೆ ತಿನ್ಲಿ ಬುಡಿ, ಏನಾಗಲ್ಲ. ಹೊಗೆಸೊಪ್ಪು ಮಾತ್ರ ಇರ್ಲಿ, ಅದಿಲ್ದಿದ್ರೆ ಅವ್ಳಿಗೆ ಆಗಕಿಲ್ಲ’ ಎಂದರು. ಅತ್ತೆಗೆ ನಗು ತಡೆಯಲಾಗಲಿಲ್ಲ.

ಆ ದಿನ ಹಿರಿಯರು ಹಸಿದು ಬರುತ್ತಾರೆ, ಎಡೆ ಸಿಗದಿದ್ದರೆ ಹಾಗೆಯೇ ಹಿಂದಿರುಗುತ್ತಾರೆ ಎಂಬುದು ತಾತನಿಗೆ ನಂಬಿಕೆಯಲ್ಲ, ಕಣ್ಣಿಗೆ ಕಂಡ ಸಂಗತಿಯಂತಿತ್ತು. ಮನೆಯೊಳಗೆ ಫೋಟೊ ಮುಂದೆ ಇಟ್ಟರೆ ಸಾಲದೇ ಎಂದು ಮಗ ಕೇಳುತ್ತಿದ್ದ. ‘ಆ ಮನೇನೇ ಅವ್ಳು ಕಂಡಿಲ್ವಲ್ಲಾ. ಹೆಂಗ್ ಬಂದಾಳು?’ ಎಂದು ತಾತ ತಿರುಗಿ ಕೇಳುತ್ತಿದ್ದರು.

ಮರುವರ್ಷ ತಾತ ನಮ್ಮ ಗೇಟಿನ ಹತ್ತಿರ ಬಂದು, ಬೆಟ್ಟ ನೋಡಿ, ಪಕ್ಕದ ಮನೆಯ ಕಾಂಪೌಂಡಿನ ಕಡೆ ಸರಿದರು. ಅದರ ಮುಂದಿನ ವರ್ಷ ಇನ್ನೂ ಆಚೆ. ಒಂದೇ ಮನೆಯವರಿಗೆ ತೊಂದರೆ ಬೇಡವೆಂದು ಹೀಗೆ ಮಾಡುತ್ತಾರೇನೋ ಎಂದು ನಾನಂದುಕೊಂಡೆ. ಅತ್ತೆಗೆ ಮಾತ್ರ ಮುನಿಸು. ‘ನಮ್ಮನೆ ಮುಂದೆ ಅವ್ಳಿಗೆ ಏನ್ ಕಮ್ಮಿಯಾಗಿತ್ತಂತೆ?’ ಎಂದು ಇಡೀ ದಿನ ಗೊಣಗಿದರು.

ಎಡೆ ಹೀಗೆ ಮನೆಯಿಂದ ಮನೆಗೆ ಹೋದಂತೆ ನಮ್ಮ ರಸ್ತೆ ಬದಲಾಯಿತು. ಯಾರ ಗೇಟಿನ ಮುಂದೆ ಬರುತ್ತಾರೋ ಎಂದು ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಗುಡಿಸಿ ರಂಗೋಲಿ ಬಿಡುತ್ತಿದ್ದೆವು. ಎಡೆ ಇಟ್ಟ ಮನೆಯವರು ಸುತ್ತ ನಿಲ್ಲಬೇಕಲ್ಲ, ಪಕ್ಕದವರೂ ಬಂದು ನಿಲ್ಲುತ್ತಿದ್ದರು, ಮಾತು ಬೆಳೆಯುತ್ತಿತ್ತು. ಮನೆ ನಂಬರಿನಿಂದ ಗೊತ್ತಿದ್ದವರು ಅಕ್ಕ, ಅತ್ತಿಗೆ, ದೊಡ್ಡಮ್ಮ ಆದರು. ನನ್ನ ಉಸಿರು ಸಲೀಸಾಗಿದ್ದು ಅಲ್ಲಿಂದಲೇ.

ಒಂದು ವರ್ಷ ತಾತ ನಡೆಯುತ್ತಾ ನಡೆಯುತ್ತಾ ರಸ್ತೆಯ ತುದಿಯ ಟ್ರಾನ್ಸ್‌ಫಾರ್ಮರ್ ಬೇಲಿಯವರೆಗೂ ಹೋದರು. ಅಲ್ಲಿ ಅವರ ಹೊಲವೇ ಇರಲಿಲ್ಲ, ಅವರಿಗೂ ಅದು ಗೊತ್ತಿತ್ತು. ಎಲೆ ಹಿಡಿದುಕೊಂಡೇ ಬೆಟ್ಟದ ಕಡೆ ನೋಡುತ್ತಾ ನಿಂತರು. ಆಗ ಗುಡ್ಡದ ಕಲ್ಲಿನ ಕ್ವಾರಿಯಲ್ಲಿ ಮಧ್ಯಾಹ್ನದ ಸಿಡಿಮದ್ದು ಸಿಡಿಯಿತು. ದಿನವೂ ಅದಕ್ಕೆ ನಮ್ಮ ಪಾತ್ರೆಗಳು ನಡುಗುತ್ತಿದ್ದವು, ಗೋಡೆ ಬಿರುಕು ಬಿಡುತ್ತದೆಂದು ನಾವೆಲ್ಲ ಬೈದುಕೊಳ್ಳುತ್ತಿದ್ದೆವು. ಮುಂದಿನ ಗುಡ್ಡದ ಅಂಚಿನಿಂದ ಬಿಳಿ ಧೂಳು ಎದ್ದಿತು. ಧೂಳು ಇಳಿಯುವವರೆಗೂ ತಾತ ನೋಡಿದರು, ಆಮೇಲೆ ಫುಟ್‌ಪಾತಿನ ಮೇಲೆ ಕುಸಿದು ಕೂತರು. ನಾನು ಓಡಿಹೋದೆ.

‘ಗುಡ್ಡಾನೇ ಕರಗ್ತಾ ಐತೆ ಕಣವ್ವ. ನಾನು ಅದರ ಹಿಂದ್ಲೇ ಬಂದ್ಬುಟ್ಟಿವ್ನಿ’ ಎಂದರು.

ಕಲ್ಲು ಒಡೆದಂತೆಲ್ಲ ವರ್ಷವರ್ಷವೂ ಗುಡ್ಡದ ಅಂಚು ಒಂದೇ ಪಕ್ಕಕ್ಕೆ ಸರಿದಿತ್ತು, ಅದಕ್ಕೆ ತಕ್ಕಂತೆ ಇವರ ಗುರುತೂ ಸರಿದಿತ್ತು. ಬಡಾವಣೆಯ ರಸ್ತೆಗೆ ಜಲ್ಲಿ ಬೇಕಾದಾಗಲೇ ಆ ಕ್ವಾರಿ ಶುರುವಾಗಿದ್ದು. ಹಾಗಾಗಿ ಮೊದಲ ಸಲ ನಮ್ಮ ಗೇಟಿನ ಮುಂದೆ ಇಟ್ಟಿದ್ದೂ ಸರಿಯೋ ತಪ್ಪೋ ಹೇಳುವಂತಿರಲಿಲ್ಲ. ‘ಇಷ್ಟ್ ವರ್ಸ ಎಲ್ಲೆಲ್ಲೋ ಇಕ್ಬುಟ್ನಲ್ಲ. ಅವ್ಳು ಎಲ್ಲಿ ಕಾಯ್ಕಂಡು ಕುಂತವ್ಳೋ’ ಎನ್ನುತ್ತಾ ಎಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನೂ ಅವರ ಪಕ್ಕದಲ್ಲೇ ಕೂತೆ. ಅಳು ಬಂತು.

ಅಷ್ಟರಲ್ಲಿ ಅತ್ತೆ ಮಂಡಿನೋವಿನ ಕಾಲು ಎಳೆದುಕೊಂಡು ಬಂದರು. ವಿಷಯ ಕೇಳಿದರು. ಸ್ವಲ್ಪ ಹೊತ್ತು ರಸ್ತೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

‘ನಮ್ ಗೇಟಿಂದ ಇಲ್ಲೀಗಂಟ ಒಂದೊಂದ್ ವರ್ಸ ಒಂದೊಂದ್ ಕಡೆ ಇಟ್ಟಿದೀಯ. ಯಾವ್ದೋ ಒಂದ್ ವರ್ಸ ಅವ್ಳಿಗೆ ಮುಟ್ಟಿರ್ತೈತೆ. ಎದ್ದೇಳು, ಇವತ್ತಿಂದು ನಮ್ಮನೆ ಮುಂದ್ಲೇ ಮಡಗು’ ಎಂದರು. ಎರಡು ಹೆಜ್ಜೆ ಹಾಕಿ ತಿರುಗಿ, ‘ಕೋಳಿನೂ ಮಡಗು’ ಎಂದರು.

ಆಮೇಲೆ ತಾತ ಬೆಟ್ಟ ನೋಡಲಿಲ್ಲ. ಇದ್ದಷ್ಟು ವರ್ಷವೂ ನಮ್ಮ ಗೇಟಿಗೇ ಬಂದರು.

ಅವರು ಹೋದಾಗ ಎಲ್ಲಿ ಮಣ್ಣು ಮಾಡುವುದೆಂಬ ಪ್ರಶ್ನೆ ಎದ್ದಿತು. ಎಲ್ಲಕ್ಕೂ ಜಾಗ ಮಾಡಿದ್ದ ಬಡಾವಣೆಯಲ್ಲಿ ಅದಕ್ಕೆ ಮಾತ್ರ ಜಾಗ ಇರಲಿಲ್ಲ. ಕೂಟಗಲ್ ಹತ್ತಿರ ನೆಂಟರ ಹೊಲವಿತ್ತು, ಅಲ್ಲಿಗೆ ಕೊಂಡೊಯ್ದರು. ಗಂಡ ಅಲ್ಲಿ, ಹೆಂಡತಿ ನಮ್ಮ ರಸ್ತೆಯ ಕೆಳಗೆಲ್ಲೋ... ಮಗ ಮನೆ ಬಾಡಿಗೆಗೆ ಕೊಟ್ಟು ಹೋದ. ಅತ್ತೆಯೂ ಈಗಿಲ್ಲ. ರಸ್ತೆಯಲ್ಲಿ ಹಳಬರು ಒಬ್ಬೊಬ್ಬರೇ ಕಡಿಮೆಯಾಗಿದ್ದಾರೆ.

ಇವತ್ತು ಮಧ್ಯಾಹ್ನ ಅತ್ತೆಗೆ ಒಳಗೆ ಎಡೆ ಇಟ್ಟ ಮೇಲೆ ಮನಸ್ಸು ತಡೆಯದೆ ಇನ್ನೊಂದು ಎಲೆ ಬಡಿಸಿಕೊಂಡು ಗೇಟಿನ ಮುಂದೆ ಇಟ್ಟೆ. ಎಡೆ ಇಟ್ಟವರು ಹೆಸರು ಹಿಡಿದು ಕರೆಯಬೇಕು, ಆಗಲೇ ಬರುವುದು. ಕರೆಯಲು ಬಾಯಿ ತೆರೆದೆ. ತಾತ ಹೆಂಡತಿಯ ಹೆಸರನ್ನು ತುಟಿಯೊಳಗೇ ಕರೆಯುತ್ತಿದ್ದರು, ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ಗೊತ್ತಿದ್ದವರು ಯಾರೂ ಈ ರಸ್ತೆಯಲ್ಲಿ ಉಳಿದಿಲ್ಲ.