ಯಾರೂ ಹಚ್ಚದ ಗಿಡಗಳಿಗೆ ಚರಗ

ಹಾನಗಲ್ ಕಡೆಯ ನಮ್ಮ ಹೊಲದ ಮೇಲ್ಭಾಗದಲ್ಲಿ ಮಾವನವರು ನೀಲಗಿರಿ ಬೆಳೆಸಿದ್ದರು. ನಾನು ಸೊಸೆಯಾಗಿ ಬಂದಾಗಿನಿಂದ ಅಲ್ಲಿ ಒಂದು ಹಕ್ಕಿಯೂ ಗೂಡು ಕಟ್ಟಿದ್ದನ್ನು ನೋಡಿರಲಿಲ್ಲ. ಆಡು ಕೂಡ ಆ ಎಲೆಗೆ ಬಾಯಿ ಹಾಕುತ್ತಿರಲಿಲ್ಲ. ಹೋದ ವರ್ಷ ಮರಗಳನ್ನು ಕಡಿದು ಲಾರಿಗೆ ಹೇರಿದರು. ಬಿಸಿಲು ನೆಲ ಮುಟ್ಟಿದ್ದೇ ತಡ, ನೆರಳಲ್ಲಿ ಕುಗ್ಗಿ ಕುಳಿತಿದ್ದ ಮತ್ತಿ, ಹೊನ್ನೆ, ನೇರಳೆ ಸಸಿಗಳು ಮಳೆಗಾಲ ಮುಗಿಯುವುದರೊಳಗೆ ನನ್ನ ಸೊಂಟದೆತ್ತರ ಬಂದವು.

ಮಾವನವರಿಗೆ ಅವು ಕಣ್ಣಿಗೇ ಬೀಳಲಿಲ್ಲ. ಸೀಗಿ ಹುಣ್ಣಿಮೆ ಕಳೆದ ಮೇಲೆ ಟ್ರ್ಯಾಕ್ಟರ್ ಹೊಡೆಸಿ, ನರ್ಸರಿಯಿಂದ ಮತ್ತೆ ನೀಲಗಿರಿ ತರಿಸುವುದೆಂದು ಹೇಳಿದರು.

"ಅಲ್ಲಿ ಗಿಡಾ ಅದಾವಲ್ರಿ," ಎಂದೆ.

"ಅದು ಕಸ ಐತಿ. ನಾವು ಹಚ್ಚೇವೇನು ಅದನ್ನ?"

"ನಿಮ್ಮ ಅಪ್ಪಣಿ ಕೇಳೂದಾಗಿದ್ರ ಅವು ಹುಟ್ಟತಿದ್ದಿಲ್ಲರಿ."

ಅತ್ತೆ ಒಳಗಿನಿಂದ ಕೆಮ್ಮಿದರು. ಬಾಯಿ ಮುಚ್ಚು ಎಂದರ್ಥ. ನನಗೋ ಪಿತ್ತ ನೆತ್ತಿಗೇರಿತ್ತು.

ಸೀಗಿ ಹುಣ್ಣಿಮೆಯಂದು ಭೂಮಿತಾಯಿ ಬಸುರಿ, ಪೈರೂ ಬಸುರಿ. ಬಯಕೆಯ ಊಟವೆಂದು ಹೊಲದ ತುಂಬ ಚರಗ ಚೆಲ್ಲುತ್ತೇವೆ. ನಮ್ಮ ಮನೆಯಲ್ಲಿ ಬುಟ್ಟಿ ಹೊರುವುದು ಸೊಸೆಯ ಕೆಲಸ. ಆ ದಿನ ಭತ್ತಕ್ಕೆ ಕಡುಬು, ಮೊಸರನ್ನ ಚೆಲ್ಲಿದವಳು ಉಳಿದದ್ದನ್ನು ಹೊತ್ತುಕೊಂಡು ನೆಟ್ಟಗೆ ಮೇಲಿನ ಹೊಲಕ್ಕೆ ನಡೆದೆ. ನೀಲಗಿರಿ ಬೊಡ್ಡೆಗಳ ನಡುವೆ ಒಂದೊಂದು ಸಸಿಯ ಬುಡಕ್ಕೂ ಇಷ್ಟಿಷ್ಟು ಹಾಕತೊಡಗಿದೆ. ಊಟಕ್ಕೆ ಬಂದಿದ್ದ ಬೀಗರೆಲ್ಲ ಬದುವಿನ ಮೇಲೆ ನಿಂತು ನೋಡುತ್ತಿದ್ದರು.

"ಏನ್ ಮಾಡಾಕತ್ತೀಯವಾ?" ಮಾವನವರು ಕೂಗಿದರು. "ಚರಗ ಚೆಲ್ಲೂದು ಪೀಕಿಗೆ!"

"ಪೀಕಿಗೆ ಚೆಲ್ಲಿ ಬಂದೇನ್ರಿ. ಇವೂ ಈ ನೆಲದ್ದ ಬಸುರು."

"ಚರಗ ಚೆಲ್ಲಿದ ಭತ್ತಾನೂ ಕೊಯ್ತೇವಿ, ತಿಳ್ಕೋ."

"ಕಾಳು ಕಟ್ಟಿದ ಮ್ಯಾಲ ಕೊಯ್ತೇವ್ರಿ. ಬಸುರಿ ಪೀಕಿಗೆ ಕುಡಗೋಲು ಹಾಕಿದ್ದು ಈ ಮನ್ಯಾಗ ನಾ ನೋಡಿಲ್ಲ. ಇವೂ ಕಾಯಿ ಬಿಡ್ಲಿ. ಆಮ್ಯಾಲ ಟ್ರ್ಯಾಕ್ಟರ್ ಕರಸ್ರಿ."

ಬೀಗರೊಬ್ಬರು ನಕ್ಕುಬಿಟ್ಟರು. ಹಿರಿಯರಿಂದ ಬಂದ ಪದ್ಧತಿಯನ್ನು ಅಷ್ಟು ಜನರ ಮುಂದೆ ಮಾವನವರು ಸುಳ್ಳೆನ್ನುವಂತಿರಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಊಟಕ್ಕೆ ಕುಳಿತರು. ನಾನೇ ಹೋಗಿ ಬಡಿಸಿದೆ.

ಟ್ರ್ಯಾಕ್ಟರ್ ಬರಲಿಲ್ಲ. ಮತ್ತಿ ಕಾಯಿ ಬಿಡಲು ಎಷ್ಟು ವರ್ಷ ಬೇಕೆಂದು ಮಾವನವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿನ್ನೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಬಿಡಲಿ. ಸಸಿಗಳು ಈಗ ನನ್ನ ತಲೆ ದಾಟಿವೆ.